ಕುರಿ ಹಿಂದೆ ಹೋಗಿ ಕಿತ್ತ ಬೆರಕೆ ಸೊಪ್ಪು

ಅಲ್ಲ ಕಣ್ಲಾ, ಅದನ್ಯಾಕೆ ತಟ್ಟೆ ಅಂಚಿಗೆ ತಳ್ತಾ ಇದ್ದೀಯೆ, ಅದು ಕಳೆ ಅಲ್ಲ, ಅಣ್ಣೆ ಸೊಪ್ಪು. ಪಕ್ಕದಲ್ಲಿರೋದು ಗಣಿಕೆ... ಇರು, ಗಣಿಕೆ ಅಲ್ಲ, ಕಿರಕ್ಸಾಲೆ, ನನ್ನ ಕಣ್ಣು ಬೇರೆ ಸರಿಯಾಗಿ ಕಾಣಕ್ಕಿಲ್ಲ. ಬೆರಕೆ ಸೊಪ್ಪಿನ ಬಸ್ಸಾರು ಅಂದ್ರೆ ಇಂಗೇ ಕಣಪ್ಪ, ಒಂದೇ ಸೊಪ್ಪು ಹಾಕಂಗಿಲ್ಲ. ಒಲದ ಬದೀಲಿ ತಾನಾಗೇ ಉಟ್ಟಿರೋ ಏಳೆಂಟು ತರದ್ದು ಕುಡಿ ಚಿವುಟ್ಕಂಡು ಬಂದು, ಕಹಿ ಇರೋದು ಒಂಚೂರು, ಹುಳಿ ಇರೋದು ಒಂಚೂರು, ಸಪ್ಪೆ ಇರೋದು ಜಾಸ್ತಿ, ಅಂಗೆ ಬೆರೆಸ್ಬೇಕು. ಬೇರು ಸಮೇತ ಕೀಳಂಗಿಲ್ಲ, ಕುಡಿ ಮಾತ್ರ. ಈಗ ನಿಮ್ಮವ್ವ ಅದೇ ಸೊಪ್ಪನ್ನ ತಾರಸಿ ಮ್ಯಾಲೆ ಕುಂಡದಲ್ಲಿ ಬೆಳೀತಾವ್ಳೆ. ಕಳೆಗೆ ಕುಂಡ ಇಕ್ಕಿ ನೀರು ಉಯ್ಯೋ ಕಾಲ ಬತ್ತದೆ ಅಂತ ಯಾರು ಕಂಡಿದ್ರು. ನಗಬ್ಯಾಡ, ಈ ಸೊಪ್ಪಿನಿಂದ ನನ್ನ ಸಂಸಾರವೇ ಮುರ್ದು ಓಗೋದ್ರಲ್ಲಿತ್ತು, ಗೊತ್ತಾ?

ನಾನು ಮದ್ದೂರು ಪೇಟೆಯೋಳು. ನಮ್ಮಪ್ಪಂದು ಪಾತ್ರೆ ಅಂಗಡಿ. ಸೊಪ್ಪು ಅಂದ್ರೆ ಬಾಳೆ ನಾರಲ್ಲಿ ಕಟ್ಟು ಕಟ್ಕಂಡು, ಬುಟ್ಟೀಲಿ ಕೂತ್ಕಂಡು, ಬಾಗಿಲಿಗೆ ಬತ್ತದೆ ಅಂತ್ಲೇ ತಿಳ್ಕಂಡಿದ್ದೆ. ಬೆಳಕವಾಡಿ ಕಡೆಯಿಂದ ನನ್ನ ನೋಡಕ್ಕೆ ಬಂದ್ರಲ್ಲ, ನಮ್ಮತ್ತೆ ಹಾಡು ಬತ್ತದಾ ಅಂತ ಕೇಳ್ಳಿಲ್ಲ, ಹೊಲಿಗೆ ಬತ್ತದಾ ಅಂತ ಕೇಳ್ಳಿಲ್ಲ. ನೆಟ್ಟಗೆ, "ಸೊಪ್ಪು ಗೊತ್ತೇನವ್ವಾ?" ಅಂದ್ರು. ನಾನು ನೆಲ ನೋಡ್ಕಂಡು, "ಎಲ್ಲಾ ಗೊತ್ತು ಕಣತ್ತೆ" ಅಂದ್ಬುಟ್ಟೆ. ಅಷ್ಟೇ ನೋಡು, ಅಲ್ಲಿಗೆ ಕೆಟ್ಟೆ. ಅತ್ತೆ ಊರೆಲ್ಲಾ ಸಾರ್ಕಂಡು ಬಂದವ್ರೆ, ನನ್ನ ಸೊಸೆ ಪೇಟೆಯೋಳಾದ್ರೂ ಸೊಪ್ಪು ಬಲ್ಲೋಳು ಅಂತ. ಹಲಗೂರಲ್ಲಿದ್ದ ಅವರಣ್ಣಂಗೂ ಹೇಳವ್ರೆ. ಅದೇ ಊರಲ್ಲಿ ಒಬ್ಬ ಸೊಸೆ ಸೊಪ್ಪು ಅಂತ ವಿಷದ ಉಮ್ಮತ್ತಿ ಕುಡಿ ತಂದ್ಲು ಅಂತ ತವರಿಗೆ ಅಟ್ಟಿದ್ರು, ತಿರ್ಗ ಕರ್ಸ್ಕಂಡೇ ಇರ್ಲಿಲ್ಲ. ಅದನ್ನ ಕೇಳಿದ ಮೇಲಂತೂ ನಂಗೆ ನಿದ್ದೆ ಬರ್ಲಿಲ್ಲ.

ಮೂರು ತಿಂಗಳು ಅತ್ತೆ ಸೀರೆ ಸೆರಗು ಇಡ್ಕಂಡು, ಅವರು ಚಿವುಟಿದ್ದನ್ನೇ ಚಿವುಟ್ಕಂಡು ಕಾಲ ಹಾಕ್ದೆ. ಆಮೇಲೆ ಒಂದಿನ ಅವರ ಕಾಲು ಉಳುಕ್ತು. ಅವತ್ತೇ ಹಲಗೂರಿನ ಮಾವ ಊಟಕ್ಕೆ ಬರ್ಬೇಕಾ? "ಓಗವ್ವ, ನೀನೇ ಓಗಿ ಒಂದು ಮಡ್ಲು ಬೆರಕೆ ಸೊಪ್ಪು ತಕ್ಕಂಬಾ, ನಮ್ಮಣ್ಣ ನಿನ್ನ ಕೈ ರುಚಿ ನೋಡ್ಲಿ" ಅಂದ್ರು. ಓದೆ. ಒಲದಲ್ಲಿ ನಿಂತ್ರೆ ಎಲ್ಲಾ ಹಸ್ರು, ಯಾವ್ದು ಸೊಪ್ಪು ಯಾವ್ದು ವಿಷ ಒಂದೂ ತಿಳೀಲಿಲ್ಲ. ಅಷ್ಟೊತ್ಗೆ ಕುರಿ ಕಾಯೋ ಚಿಕ್ತಾಯಿ ಮಂದೆ ಬಂತು. ಬಂಡೂರು ಕುರಿಗಳು, ಗುಂಡ್ಗುಂಡಕ್ಕೆ. ತಲೇಗೆ ಒಳೀತು ನೋಡು: ಕುರಿಗೆ ಗೊತ್ತಿರೋದು ನಂಗೆ ಗೊತ್ತಿಲ್ಲ, ಸರಿ, ಅದು ತಿಂದದ್ದನ್ನೇ ನಾನು ಕಿತ್ರೆ ಆಯ್ತಲ್ಲ? ಒಂದು ಕುರಿ ಇಂದೆ ಬಗ್ಗಿದೆ. ಅದು ಒಂದು ಬಾಯಿ ಆಕ್ತು, ನಾನು ಒಂದು ಇಡಿ ಕಿತ್ತೆ. ಅದು ಬೇಲಿಗೆ ನುಗ್ತು, ನಾನೂ ನುಗ್ಗಿದೆ. ಇಂದಗಡೆಯಿಂದ ಚಿಕ್ತಾಯಿ, "ಯಾರವ್ವ ಅದು, ನನ್ನ ಕುರಿ ಜೊತೇಲಿ ಮೇಯ್ತಾ ಇರೋಳು?" ಅಂದ್ಲು.

ಗೊತ್ತಿಲ್ಲ ಕಣವ್ವ, ತೋರ್ಸ್ಕೊಡು ಅಂದಿದ್ರೆ ಅಲ್ಲಿಗೆ ಮುಗೀತಿತ್ತು. ಬಾಯಿಗೆ ಬರ್ಬೇಕಲ್ಲ. "ನಮ್ಮನೆ ಕುರಿಗೆ" ಅಂದೆ. "ನಿಮ್ಮನೇಲಿ ಕುರಿ ಎಲ್ಲದೆ?" ಅಂದ್ಲು. "ಇವತ್ತು ತತ್ತಾವ್ರೆ" ಅಂದೆ.

ಮನೇಗೆ ಬಂದು ಮೊರಕ್ಕೆ ಸುರಿದ್ರೆ, ಮಾವ ಅದಾಗ್ಲೇ ಜಗ್ಲಿ ಮ್ಯಾಲೆ ಕೂತವ್ರೆ. ಒಂದು ಕುಡಿ ಎತ್ತಿ ಮೂಗಿಗೆ ಇಡ್ಕಂಡು, "ಇದ್ಯಾವ ಸೊಪ್ಪವ್ವಾ, ನಾನು ಉಟ್ದಾಗಿಂದ ಕಂಡಿಲ್ವಲ್ಲ" ಅಂದ್ರು. ಅತ್ತೆ ಮೊರ ನೋಡಿದ್ರು, ನನ್ನ ಮೊಕ ನೋಡಿದ್ರು. ನಿಮ್ತಾತ ಇದ್ರಲ್ಲ, ಅವರು ಸೂರಿನ ಹೆಂಚು ಎಣಿಸ್ತಾ ಕೂತ್ರು. ನನ್ನ ಟ್ರಂಕು ಕಟ್ಟೋದೊಂದೇ ಬಾಕಿ ಅಂದ್ಕಂಡೆ. ಆಗ ಬಂದ್ಲು ಚಿಕ್ತಾಯಿ, ಕಂಕ್ಳಲ್ಲಿ ಒಂದು ಮರಿ ಇಟ್ಕಂಡು. "ಕುರಿ ತತ್ತೀರಂತಲ್ಲ, ಯಾರ್ತಾವೋ ಯಾಕೆ, ನಂದೇ ತಕ್ಕಳಿ. ನಿನ್ನ ಸೊಸೆ ಆಗ್ಲೇ ಮೇವು ತಂದವ್ಳೆ" ಅಂದು ಮರಿ ಇಳಿಸಿದ್ಲು. ಅದು ನೆಟ್ಟಗೆ ಬಂದು ಮೊರಕ್ಕೆ ಬಾಯಿ ಆಕ್ತು. ಒಂದು ಎಲೆ ಬುಡದಂಗೆ, ಬಲೇ ಇಷ್ಟ ಪಟ್ಟು ತಿಂತು. ನಾನು ತಂದ ಸೊಪ್ಪನ್ನ ಆ ಮನೇಲಿ ಮೊದ್ಲು ಒಪ್ಕಂಡಿದ್ದು ಅದೇ.

ಅತ್ತೆಗೆ ಎಲ್ಲಾ ಅರ್ಥ ಆಗೋಯ್ತು. ಆದ್ರೆ ಅಣ್ಣನ ಮುಂದೆ ಅಷ್ಟೊಂದು ಕೊಚ್ಕಂಡವ್ರೆ, ಎಂಗೆ ಬುಟ್ಕೊಟ್ಟಾರು? "ಊ ಕಣಣ್ಣ, ಕುರಿ ತಕ್ಕತ್ತಾ ಇದ್ದೀವಿ, ಅದ್ಕೇ ಮೊದ್ಲು ಮೇವು ತಾ ಅಂದಿದ್ದೆ. ನಿಂಗೆ ನುಗ್ಗೆ ಸೊಪ್ಪಿನ ಬಸ್ಸಾರು" ಅಂದು, ಮರೀನ ಅಲ್ಲೇ ಗೂಟಕ್ಕೆ ಕಟ್ಟಿಸಿದ್ರು. ಕುಂಟ್ಕಂಡು ಒಳಕ್ಕೆ ಬಂದು ನನ್ನ ತೋಳು ಇಂಡಿ, "ನಿನ್ನ ತವರಿಗೆ ಕಳಿಸ್ದೆ ಇರೋದು ನಿನ್ನ ಮ್ಯಾಲಿನ ಪಿರೂತಿಗಲ್ಲ ಕಣೆ, ನನ್ನ ಮೂಗು ಉಳೀಲಿ ಅಂತ. ನಾಳಿಂದ ಆ ಕುರಿ ನಿಂದು. ಚಿಕ್ತಾಯಿ ಜೊತೆ ಓಗಿ ಒಂದೊಂದು ಸೊಪ್ಪಿನ ಹೆಸ್ರು ಕಲ್ತ್ಕಂಡು ಬಾ" ಅಂದ್ರು. ಬೈದ್ರು ನಿಜ, ಆದ್ರೆ ಸಾಯೋಗಂಟ ಆ ಗುಟ್ಟು ಯಾರಿಗೂ ಬುಟ್ಕೊಡ್ಲಿಲ್ಲ. ಅಂತ ಅತ್ತೇನ ನಾನು ಎಂಗೆ ಮರೀಲಿ.

ಸೊಪ್ಪೇನೋ ಒಂದೇ ವರ್ಷಕ್ಕೆ ಕಲ್ತೆ. ಕುರಿ ಆರು ವರ್ಷ ಬದುಕ್ತು, ಬಿಸ್ಲು ಮಳೆ ಅನ್ನದೆ ಅದರಿಂದೆ ತಿರುಗ್ದೆ. ಅದ್ಕೇ ಹೇಳದು, ಗೊತ್ತಿಲ್ದಿದ್ರೆ ಗೊತ್ತಿಲ್ಲ ಅನ್ರಪ್ಪ. ಒಂದು ಗಳಿಗೆ ನಾಚ್ಕೆ ಆಯ್ತದೆ, ಆಗ್ಲಿ. ಇಲ್ದಿದ್ರೆ ಆರು ವರ್ಷ ಕುರಿ ಕಾಯ್ಬೇಕಾಯ್ತದೆ.