ರಾಣಿಯ ಪರದೆಯ ಅಂಚು

ನನ್ನಜ್ಜಿಯ ಕಥೆಗಳಲ್ಲಿ ಅರಮನೆಗೆ ಕ್ಯೂ ಇರುತ್ತಿರಲಿಲ್ಲ. ರಾಜಧಾನಿಯ ಈ ಅರಮನೆಗೆ ಬೀದಿಯ ತಿರುವಿನವರೆಗೂ ಇತ್ತು. ಕಾಲಡಿಯಲ್ಲಿ ಮೆಟ್ರೋ ಹಾದುಹೋದಾಗಲೆಲ್ಲ ಹಳೇ ಕಲ್ಲುಗಳು ನಿದ್ದೆಗಣ್ಣಿನ ಬೆಕ್ಕಿನಂತೆ ಗುರುಗುಟ್ಟುತ್ತಿದ್ದವು. ನನ್ನ ಮುಂದೆ ನರೆಗೂದಲಿನ ಅಕ್ಕ ತಂಗಿ ನಿಂತಿದ್ದರು.

“ರಾಣಿ ಕೋಣೆಯ ಪರದೆ ಅಮ್ಮ ಹೊಲಿದದ್ದೇ ಅಂತ ಹೇಗೆ ಗೊತ್ತಾಗುತ್ತೆ? ಬೋರ್ಡ್ ಹಾಕಿರ್ತಾರಾ?” ಎಂದರು ತಂಗಿ.

“ಬೋರ್ಡ್ ಯಾಕೆ? ಅಮ್ಮ ಏನು ಹೊಲಿದ್ರೂ ಅಂಚಿನ ಒಳಮಡಿಕೇಲಿ ಒಂದು ಕೆಂಪು ಗಂಟು ಹಾಕ್ತಿದ್ಲಲ್ಲ. ನಮ್ಮ ಲಂಗಗಳಲ್ಲೂ ಇತ್ತು.”

“ಅಪ್ಪ ಸಾಯೋತನಕ ನಕ್ಕರು. ‘ನಿಮ್ಮಮ್ಮ ಅರಮನೆ ಕಂಡಿದ್ದು ಕನಸಲ್ಲಿ’ ಅಂತ.”

“ಅದಕ್ಕೇ ಬಂದಿರೋದು.”

“ಕಾವಲಿನವನು ಮುಟ್ಟೋಕೆ ಬಿಡಲ್ಲ ಕಣೇ.”

“ನಾನು ತಲೆಸುತ್ತು ಬಂದ ಹಾಗೆ ಬೀಳ್ತೀನಿ. ಅವನು ನೀರಿಗೆ ಓಡ್ತಾನೆ. ನೀನು ಅಂಚು ಮಗುಚಿ ನೋಡು.”

“ನಿನ್ನ ಗಾತ್ರಕ್ಕೆ ನೀರಲ್ಲ, ಕ್ರೇನ್ ತರಬೇಕು.”

“ಬಾಯಿ ಮುಚ್ಚು. ಗಂಟು ಇದ್ರೆ ಜೋರಾಗಿ ಕೂಗು.”

“ಇಲ್ಲದಿದ್ರೆ?”

ಅಕ್ಕ ಸೆರಗು ಸರಿಮಾಡಿಕೊಂಡರು. “ಇಲ್ಲದಿದ್ರೆ ಏನೂ ಹೇಳ್ಬೇಡ. ಸುಮ್ನೆ ನನ್ನನ್ನ ಎಬ್ಬಿಸಿ ಮನೆಗೆ ಕರ್ಕೊಂಡು ಹೋಗು.”

ಟಿಕೆಟ್ ಯಂತ್ರ ಕೀಂಯ್ ಎಂದಿತು. ಗಾಜಿನ ಗೇಟು ಸರಿಯಿತು. ಅದರಾಚೆ ಜೇನಿನ ಬಣ್ಣದ ಬೆಳಕಿನಲ್ಲಿ ಉದ್ದನೆಯ ಮೊಗಸಾಲೆ. ಹೊಸ್ತಿಲಲ್ಲೇ ಅಕ್ಕ ತೂರಾಡಿದರು.

“ಇಷ್ಟು ಬೇಗ ಬೇಡ ಕಣೇ, ರಾಣಿ ಕೋಣೆ ಇನ್ನೂ ಬಂದಿಲ್ಲ.”

“ನಾಟಕ ಅಲ್ಲ ಕಣೇ. ಕೈ ಹಿಡ್ಕೋ.”

ತಂಗಿ ಹಿಡಿದುಕೊಂಡರು. ಇಬ್ಬರೂ ಆ ಬೆಳಕಿನೊಳಗೆ ಮೆಲ್ಲಗೆ ನಡೆದುಹೋದರು.