ಹೊರಗಿನ ಚಿಲಕ

ಕಣ್ಣಾಸ್ಪತ್ರೆಯ ಬೆಂಚಿನ ಮೇಲೆ ಔಷಧಿ ಹಾಕಿಸಿಕೊಂಡು, ರೆಪ್ಪೆ ಮುಚ್ಚಿ ಕೂತಿದ್ದ ದರ್ಜಿಗೆ ಕಿವಿಯೊಂದೇ ಗತಿ. ಪಕ್ಕದಲ್ಲಿ ಅಕ್ಕ ತಮ್ಮ ಪಿಸುಗುಟ್ಟುತ್ತಿದ್ದರು. ಅವರಮ್ಮ ಒಳಗೆ ಡಾಕ್ಟರ ಹತ್ತಿರ ಇದ್ದರು.

“ನಿನ್ನ ಕಾದಂಬರಿಯ ಪತ್ತೇದಾರನಿಗೆ ಅಂಥಾ ಬಾಲ್ಯ ಯಾಕೋ? ಕತ್ತಲೆ ಕೋಣೆ, ಹೊರಗಿಂದ ಚಿಲಕ. ತೆಗೆದುಹಾಕು.”

“ತೆಗೆದರೆ ಅವನು ಪತ್ತೇದಾರನೇ ಆಗಲ್ಲ ಅಕ್ಕ. ಹೆಜ್ಜೆ ಸದ್ದಲ್ಲೇ ಆಳನ್ನ ಗುರುತು ಹಿಡಿಯೋದು ಅವನು ಕಲಿತಿದ್ದೇ ಅಲ್ಲಿ.”

“ಆಗದಿದ್ರೆ ಬಿಡು. ಕನ್ನಡಕದ ಅಂಗಡಿ ಇಟ್ಕೊಂಡು, ಎಲ್ಲರನ್ನೂ ನಂಬ್ಕೊಂಡು ಸುಖವಾಗಿರಲಿ.”

“ಅಂಥವನ ಕಥೆ ಯಾರು ಓದ್ತಾರೆ?”

“ಅಮ್ಮ ಓದ್ತಾಳೆ. ಪೊರೆ ತೆಗೆಸಿದ ಮೇಲೆ ಮೊದಲು ನಿನ್ನ ಪುಸ್ತಕವೇ ಅಂತ ಕಾಯ್ತಿದ್ದಾಳೆ. ನೀನು ನೋಡಿದ್ರೆ ಚಿಲಕ ಹಾಕಿದ್ದು ತಾಯಿ ಅಂತ ಬರೆದಿದ್ದೀಯ.”

“ಅದು ಕಥೆಯ ತಾಯಿ. ಕುಂಬಳಕಾಯಿ ಕಳ್ಳ ಅಂದ್ರೆ ನೀನ್ಯಾಕೆ ಹೆಗಲು ಮುಟ್ಟಿ ನೋಡ್ಕೋತೀಯ?”

“ಅಮ್ಮ ಪಾಪ, ಆ ಚಿಲಕ ಮುಟ್ಟಿದವಳೇ ಅಲ್ಲ ಕಣೋ.”

ತಮ್ಮ ಅವಳತ್ತ ತಿರುಗಿದ್ದಕ್ಕೆ ಬೆಂಚು ಕಿರುಗುಟ್ಟಿತು.

“ಅಮ್ಮನೇ ಹಾಕಿದ್ದು ಅಂತ ಅವತ್ತು ನನಗೆ ಹೇಳಿದವಳು ನೀನೇ ಅಲ್ವಾ ಅಕ್ಕ?”

ನರ್ಸ್ ಕರೆದಳು. ಅಕ್ಕ ತಟ್ಟನೆ ಎದ್ದಳು. ಅವಳ ಒಂದು ಕಾಲಿನ ಚಪ್ಪಲಿ ನೆಲಕ್ಕೆ ಉಜ್ಜುತ್ತಾ ದೂರವಾಯಿತು. ತಮ್ಮ ಏಳಲಿಲ್ಲ. ಅವನೂ ತನ್ನ ಹಾಗೇ ಕಣ್ಣು ಮುಚ್ಚಿ ಆ ಸದ್ದನ್ನೇ ಕೇಳುತ್ತಿದ್ದಾನೆ ಅಂತ ದರ್ಜಿಗೆ ಅನ್ನಿಸಿತು.