ಸೇತುವೆ ಕೇಳದ ಊರು

ಅಳೋದಿದ್ರೆ ಅತ್ತು ಮುಗಿಸಮ್ಮ, ಆಮೇಲೆ ಮಾತಾಡೋಣ... ಇಲ್ವಾ? ಸರಿ, ಒಳ್ಳೇದಾಯ್ತು. ಹನ್ನೊಂದಕ್ಕೆ ಕೆಳಗಡೆ ಸಭಾಂಗಣದಲ್ಲಿ ಮೂವತ್ತು ದೇಶದ ಪ್ರತಿನಿಧಿಗಳು ಕೂತಿರ್ತಾರೆ. ಅವರ ಮುಂದೆ ಕಣ್ಣು ಊದಿಸ್ಕೊಂಡು ನಿಂತ್ರೆ ಚೆನ್ನಾಗಿರಲ್ಲ. ಸ್ವಲ್ಪ ಕೆಂಪಗಿದ್ರೆ ಪರವಾಗಿಲ್ಲ, ನೋಡೋರಿಗೆ ಕರುಳು ಚುರುಕ್ ಅನ್ನುತ್ತೆ!

ಯಾಕೆ ಹಾಗೆ ನೋಡ್ತೀಯ? ತಮಾಷೆಗಂದೆ ಕಣಮ್ಮ. ನಿಮ್ಮಕ್ಕ ಆಗಿದ್ರೆ ನಗ್ತಿದ್ಲು.

ತಗೋ, ನಿನ್ನ ಭಾಷಣ. ನಾನೇ ಬರೆದಿದೀನಿ, ಐದೇ ನಿಮಿಷದ್ದು. "ನಮ್ಮೂರು ನದಿ ಆಚೆ ಇದೆ. ನಮಗೆ ಹೊಸದೇನೂ ಬೇಡ. ನಮ್ಮಕ್ಕ ಊರಿನ ಮುರುಕು ಸಾಮಾನನ್ನೆಲ್ಲ ರಿಪೇರಿ ಮಾಡ್ತಿದ್ಲು. ಸಾಯೋವರೆಗೂ ಅವಳ ಬಾಯಲ್ಲಿದ್ದದ್ದು ಒಂದೇ ಮಾತು, ಸಾಕು..." ಓದು, ಓದು... ಮುಟ್ಟೋದೂ ಇಲ್ವಾ?

ಅಲ್ಲ, ನಾಲ್ಕು ವರ್ಷ ನನ್ನ ಕೈಕೆಳಗೆ ಸಂಶೋಧನೆ ಮಾಡಿದೋಳು ನೀನು. ಹುಟ್ಟಿದೂರಲ್ಲೇ ಮನೆಮನೆ ಸುತ್ತಿ ಪ್ರಶ್ನೆ ಕೇಳಿದೋಳು. ಆರ್ಥಿಕ ಬೆಳವಣಿಗೆ ಇಲ್ದೇನೂ ಮನುಷ್ಯ ನೆಮ್ಮದಿಯಾಗಿ ಬಾಳಬಹುದು ಅಂತ ತೋರಿಸೋಕೆ ನಮಗೆ ಸಿಕ್ಕಿದ್ದು ಅದೊಂದೇ ಊರು. ಭೂಮಿ ಉಳಿಸೋಕೆ ಜಗತ್ತಿಗೇ ನಿಯಮ ಮಾಡೋ ಸಮಿತಿ ಅದನ್ನ ಮಾದರಿ ಅಂತ ಒಪ್ಪಿದೆ. ಈಗ ಹೋಗಿ ಏನಂತ ಹೇಳ್ಲಿ? ಹುಡುಗಿ ಮುನಿಸ್ಕೊಂಡಿದಾಳೆ ಅಂತಲಾ?

ಹೂಂ... ಬಾಯಿ ಬಿಡದಿದ್ರೂ ಮುಖದಲ್ಲೇ ಬರೆದಿದೆ. ಸೇತುವೆ! ಸೇತುವೆ ಇದ್ದಿದ್ರೆ ಅಕ್ಕ ಉಳೀತಿದ್ಲು, ಅಷ್ಟೇ ತಾನೇ? ರಿಪೇರಿ ಶೆಡ್ಡಲ್ಲಿ ಮೆಷಿನ್ನಿಗೆ ತೋಳು ಸಿಕ್ತು, ರಕ್ತ ಹೋಯ್ತು, ಆಸ್ಪತ್ರೆ ಇರೋದು ಈಚೆ ದಡದಲ್ಲಿ. ಅದಕ್ಕೆ ನಾನೇನ್ ಮಾಡ್ಲಿ? ಸೇತುವೆ ಬೇಡ ಅಂತ ತೀರ್ಮಾನ ಮಾಡಿದ್ದು ಸಮಿತಿ. ಊರಿನವರೇ ಕೇಳಲಿಲ್ಲ ಅಂತ ನಮ್ಮ ವರದಿಯಲ್ಲಿತ್ತು, ಅದನ್ನ ನೋಡಿ ಸಮಿತಿಯವರು ಬೇಡ ಅಂತ ಕೈ ಎತ್ತಿದ್ರು.

ನಗ್ತೀಯ? ಯಾಕೆ ನಗ್ತೀಯ?

...ಸರಿ. ಹನ್ನೆರಡನೇ ಪ್ರಶ್ನೆ. ಸೇತುವೆ ಬೇಕೆ? ನೂರ ನಲವತ್ತು ಮನೆಯಲ್ಲಿ ನೂರ ಇಪ್ಪತ್ತೊಂಬತ್ತು ಮನೆ ಬೇಕು ಅಂದಿತ್ತು. ನಾನು ವರದಿಯಿಂದ ಆ ಪ್ರಶ್ನೆನೇ ತೆಗೆದುಹಾಕ್ದೆ. ಹೌದು, ತೆಗೆದೆ! ಒಂದೇ ಒಂದು ಪ್ರಶ್ನೆ! ಜನಕ್ಕೇನ್ ಗೊತ್ತು? ಕೇಳಿದ್ರೆ ಎಲ್ಲಾನೂ ಬೇಕು ಅಂತಾರೆ. ಸೇತುವೆ ಬಂದ್ರೆ ಲಾರಿ ಬರುತ್ತೆ, ಲಾರಿ ಹಿಂದೆ ಅಂಗಡಿ ಬರುತ್ತೆ, ಎರಡೇ ವರ್ಷಕ್ಕೆ ನಿಮ್ಮಕ್ಕನ ಶೆಡ್ಡಿಗೆ ಬೀಗ. ಆ ಊರನ್ನ ಉಳಿಸಿದೋನು ನಾನು!

ಮತ್ತೆ ನೀನು? ವರದಿ ಅಚ್ಚಾಗೋ ಮುಂಚೆ ಓದಿದ್ಯಲ್ಲ, ತುಟಿ ಬಿಚ್ಚಿದ್ಯಾ? ಕೆಲಸ ಖಾಯಂ ಆಗೋದಿತ್ತು ನಿಂದು. ನಿಮ್ಮಕ್ಕನಿಗೂ ಹೇಳ್ಲಿಲ್ಲ... ಹಾಂ, ಈಗ ತಲೆ ತಗ್ಗಿಸ್ತೀಯ. ತಗ್ಗಿಸು, ತಗ್ಗಿಸು.

ಅಷ್ಟಕ್ಕೂ ದೋಣಿ ಇತ್ತಲ್ಲಮ್ಮ! ದಾಟೋಕೆ ಹನ್ನೆರಡು ನಿಮಿಷ. ಸೇತುವೆ ಯಾಕೆ ಬೇಕು? ದೋಣಿ ಹೊತ್ತಿಗೆ ಸರಿಯಾಗಿ ಹೋಗಿದ್ರೆ ಡಾಕ್ಟರು ಉಳಿಸ್ಕೊಡ್ತಿದ್ರು, ಅವರೇ ಹೇಳಿದಾರೆ...

ಯಾಕೆ ತಲೆ ಎತ್ತಿದೆ?

ಅಂಬಿಗ ಏನಾದ್ರೂ ಅಂದ್ನಾ? ಅವನ ಮಾತು ನಂಬಬೇಡ, ಕುಡುಕ ಅವನು. ದೋಣಿ ಈಚೆ ದಡದಲ್ಲಿತ್ತು, ನಿಜ. ನನ್ನ ಸ್ವಂತಕ್ಕಲ್ಲ! ಸಮಿತಿಯವರು ಬಂದಿದ್ರು. ಅವರು ದೋಣಿಯಲ್ಲಿ ಕೂತು, ಹಿಂದೆ ಊರು ಕಾಣೋ ಹಾಗೆ ಒಂದು ಫೋಟೋ, ಊರಿನ ಬಗ್ಗೆ ಬರೋ ಪುಸ್ತಕದ ಮುಖಪುಟಕ್ಕೆ... ಆಚೆಯಿಂದ ಗಂಟೆ ಬಾರಿಸ್ತಾನೇ ಇದ್ರು. ದೋಣಿ ಬೇಕಾದ್ರೆ ಬಾರಿಸ್ತಾರಲ್ಲ, ಯಾರೋ ಪೇಟೆಗೆ ಹೊರಟಿರ್ಬೇಕು ಅಂದ್ಕೊಂಡೆ. ಅಂಬಿಗ ಹುಟ್ಟು ಎತ್ಕೊಂಡ. ನಾನೇ ಅವನ ಕೈ ಹಿಡ್ಕೊಂಡೆ. ಬೆಳಕು ಚೆನ್ನಾಗಿದೆ, ತಡಿಯೋ, ಇನ್ನೆರಡು ತೆಗೀಲಿ ಅಂತ...

ಹೇಳಿಲ್ವಾ ಅವನು? ನಿಂಗೆ... ನಿಂಗೆ ಗೊತ್ತೇ ಇರ್ಲಿಲ್ವಾ?

ಅಯ್ಯೋ... ಏನಾದ್ರೂ ಮಾತಾಡಮ್ಮ. ಬಾಯಿಗೆ ಬಂದ ಹಾಗೆ ಬೈ, ಬೇಕಾದ್ರೆ ಹೊಡಿ. ಹತ್ತೇ ನಿಮಿಷ ಅಂದಿದ್ದೆ ಕಣಮ್ಮ. ಹತ್ತು... ಮೂವತ್ತಾಯ್ತೇನೋ.

ಗಂಟೆ ನಿಂತ್ಮೇಲೆ ಹೊರಟ್ವಿ.